ಹೆಸರು ಕೇಳಿದವಳು

ನಮ್ಮ ಕಡೆ ಯಾರನ್ನೂ ಹೆಸರು ಹಿಡಿದು ಗುರುತಿಸುವುದಿಲ್ಲ. ಊರು ಹಿಡಿದು, ಮನೆ ಹಿಡಿದು, ಅಂಗಡಿ ಹಿಡಿದು ಗುರುತಿಸುತ್ತಾರೆ. ನಾನು ಕೊಪ್ಪದಲ್ಲಿ ಹುಟ್ಟಿ ಬೆಳೆದವಳು. ಅಪ್ಪನದು ಪೇಟೆಯಲ್ಲಿ ಚಪ್ಪಲಿ ಅಂಗಡಿ. ಇಷ್ಟು ವರ್ಷ ನರ್ಸಾಗಿ ದುಡಿದಿದ್ದೇನೆ, ಐಸಿಯು ಇನ್‌ಚಾರ್ಜ್ ಆಗಿದ್ದೇನೆ, ಮದುವೆಯಾಗಿ ಎನ್.ಆರ್.ಪುರದಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಕೊಪ್ಪಕ್ಕೆ ಬಂದು ಹೋಗುತ್ತೇನೆ. ಆದರೂ ಇಲ್ಲಿಯವರಿಗೆ ನಾನು ಚಪ್ಪಲಿ ಅಂಗಡಿಯವರ ಮಗಳೇ. ಅದಕ್ಕೆ ನನಗೆ ಬೇಸರವಿಲ್ಲ. ಪೇಟೆಯಲ್ಲಿ ಅದು ಚೆಂದ. ನನಗೆ ಸಿಟ್ಟಿರುವುದು ಆ ಅಭ್ಯಾಸವನ್ನು ಹಾಗೇ ಎತ್ತಿಕೊಂಡು ಬಂದು ಐಸಿಯು ಒಳಗೆ ಕೂರಿಸಿದವರ ಮೇಲೆ.

ನಮ್ಮದು ಸಣ್ಣ ಖಾಸಗಿ ಆಸ್ಪತ್ರೆ, ಐಸಿಯುನಲ್ಲಿ ಆರು ಹಾಸಿಗೆ. ಅಲ್ಲಿ ಮಲಗಿದವರೆಲ್ಲ ಒಂದೊಂದು ಊರು. ‘ನಾರ್ವೆಯವರಿಗೆ ಜ್ವರ ಇಳೀತಾ?’ ‘ಕಮ್ಮರಡಿಯವರಿಗೆ ಇನ್ಸುಲಿನ್ ಆಯ್ತಾ?’ ‘ಸಿರಿಮನೆ ಅಜ್ಜಿಗೆ ಊಟ ಕೊಟ್ರಾ?’ ಹೀಗೇ ನಮ್ಮ ಮಾತು. ಆಸ್ಪತ್ರೆಯ ಮಾಲೀಕರೂ ಆಗಿರುವ ದೊಡ್ಡ ಡಾಕ್ಟರು ಫೋನಿನಲ್ಲಿ ಔಷಧಿ ಹೇಳುವುದೂ ಹೀಗೇ. ಅದನ್ನು ಅವರು ಹೆಮ್ಮೆಯಿಂದ ಬೇರೆ ಹೇಳಿಕೊಳ್ಳುತ್ತಿದ್ದರು. ಶಿವಮೊಗ್ಗದ, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ರೋಗಿ ಅಂದರೆ ಬರೀ ನಂಬರು, ನಮ್ಮಲ್ಲಿ ಎಲ್ಲರೂ ಮನೆಯವರ ಹಾಗೆ, ಎಂದು ಬಂದವರಿಗೆಲ್ಲ ಹೇಳುವರು. ಮನೆಯವರ ಹಾಗಂತೆ! ಮನೆಯಲ್ಲಿ ಪಲ್ಯಕ್ಕೆ ಉಪ್ಪು ಜಾಸ್ತಿಯಾದರೆ ಮೊಸರು ಸುರಿದುಕೊಂಡು ಉಣ್ಣಬಹುದು. ಐಸಿಯುನಲ್ಲಿ ನಾವು ಡ್ರಿಪ್ಪಿನಲ್ಲಿ ಕೊಡುವ ಪೊಟ್ಯಾಷಿಯಂ ಉಪ್ಪು ಒಬ್ಬನನ್ನು ಉಳಿಸುತ್ತದೆ, ಪಕ್ಕದ ಹಾಸಿಗೆಯವನ ಹೃದಯ ನಿಲ್ಲಿಸುತ್ತದೆ.

ನಿಯಮ ಎಲ್ಲ ಕಡೆ ಒಂದೇ. ಔಷಧಿ ಕೊಡುವ ಮೊದಲು ರೋಗಿಯ ಬಾಯಿಂದಲೇ ಹೆಸರು ಹೇಳಿಸಬೇಕು. ಅವರಿಗೆ ಎಚ್ಚರವಿಲ್ಲದಿದ್ದರೆ ಮನೆಯವರಿಂದ ಹೇಳಿಸಬೇಕು. ಕೈಗೆ ಕಟ್ಟಿದ ಹೆಸರಿನ ಪಟ್ಟಿ ನೋಡಿ ತಾಳೆ ಮಾಡಬೇಕು. ಇದನ್ನು ನಮ್ಮೂರಲ್ಲಿ ಮಾಡಿ ನೋಡಿ, ಗೊತ್ತಾಗುತ್ತದೆ. ಒಮ್ಮೆ ಒಬ್ಬ ಹಿರಿಯರನ್ನು ಹೆಸರು ಕೇಳಿದ್ದಕ್ಕೆ ಅವರು ಆಕ್ಸಿಜನ್ ಮಾಸ್ಕನ್ನು ಕಿತ್ತು ಪಕ್ಕಕ್ಕಿಟ್ಟು ನನ್ನ ಮೇಲೆ ರೇಗಿದ್ದರು.

"ಎಂತ ಮಾರಾಯ್ತಿ, ನಿನ್ನ ಮದುವೆ ಊಟ ಉಂಡವ ನಾನು. ನಿನ್ನ ಅಪ್ಪನ ಅಂಗಡಿ ಬಿಟ್ಟು ಬೇರೆ ಕಡೆ ಒಂದು ಜೊತೆ ಮೆಟ್ಟು ತಗೊಂಡವ ಅಲ್ಲ. ನನ್ನ ಹೆಸರು ಕೇಳ್ತೀಯಲ್ಲ!"

ಇನ್ನು ಕೈಪಟ್ಟಿಯ ಕಥೆ. ಪಶು ಆಸ್ಪತ್ರೆಯವರು ಊರೂರಿಗೆ ಹೋಗಿ ದನಗಳ ಕಿವಿಗೆ ನಂಬರಿನ ಹಳದಿ ಓಲೆ ಚುಚ್ಚಿ ಬಂದ ಮೇಲೆ, ನಮ್ಮ ರೋಗಿಗಳಿಗೆ ಕೈಪಟ್ಟಿ ಎಂದರೆ ಅದೇ ನೆನಪು. "ನಾವೆಂತ ದನವಾ ಮಾರಾಯ್ರೆ, ಓಲೆ ಹಾಕಿಸ್ಕೊಳ್ಳೋಕೆ?" ಎಂದು ಯಾರೋ ಇಬ್ಬರು ನಕ್ಕರು. ಕೂತು ವಿವರಿಸಿದ್ದರೆ ಅವರೇ ಕೈ ಚಾಚುತ್ತಿದ್ದರು. ನಮ್ಮ ಮ್ಯಾನೇಜರಿಗೆ ಅಷ್ಟೇ ಸಾಕಾಯಿತು. ಜನರಿಗೆ ಬೇಜಾರಾಗುತ್ತದೆ ಎಂದು ಪಟ್ಟಿಯ ಡಬ್ಬವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಗುಣಮಟ್ಟ ಪರೀಕ್ಷೆಗೆ ಹೊರಗಿನವರು ಬರುವ ದಿನ ಬೀರು ತೆರೆಯುತ್ತಿತ್ತು. ಆ ದಿನ ಎಲ್ಲರ ಕೈಗೂ ಪಟ್ಟಿ, ಎಲ್ಲರ ಮುಖದಲ್ಲೂ ನಗು. ಅವರ ಕಾರು ಗೇಟು ದಾಟಿದ್ದೇ ತಡ, ಡಬ್ಬ ಮತ್ತೆ ಒಳಗೆ. ದನಕ್ಕಿರುವಷ್ಟು ಗುರುತು ನಮ್ಮ ರೋಗಿಗಿರಲಿಲ್ಲ.

ಎಲ್ಲಕ್ಕಿಂತ ಕಷ್ಟ ಹೆಂಡತಿಯರದು. ಈ ಕಡೆ ಹಳೆಯ ಕಾಲದ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ. ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಂಬಿಕೆ. ಗಂಡ ಪ್ರಜ್ಞೆಯಿಲ್ಲದೆ ಮಲಗಿರುತ್ತಾನೆ, ನಾವು ಹೆಸರು ಕೇಳುತ್ತೇವೆ, ಅವರು ಸೆರಗಿನ ತುದಿ ಬಾಯಿಗೆ ಹಿಡಿದು ‘ನಮ್ಮನೆಯವರು’ ಅನ್ನುತ್ತಾರೆ. ಹಿಂದೂ ಮನೆ, ಮುಸ್ಲಿಂ ಮನೆ ಎಂಬ ಭೇದ ಇದಕ್ಕಿಲ್ಲ. ನನ್ನ ಅಮ್ಮನೂ ಹಾಗೆಯೇ. ರೇಷನ್ ಅಂಗಡಿಯಲ್ಲಿ ಕೇಳಿದರೆ ನನ್ನನ್ನು ಮುಂದೆ ದೂಡಿ ಹೇಳಿಸುತ್ತಿದ್ದಳು.

ಇಂಥ ಐಸಿಯುಗೆ ಒಬ್ಬಳು ಹುಡುಗಿ ಬಂದಳು. ಸಿರಿಮನೆಯ ಕಡೆಯವಳು, ಶೃಂಗೇರಿಯಲ್ಲಿ ಪಿಯುಸಿ ಓದಿ, ಹೊರಗೆ ಹೋಗಿ ನರ್ಸಿಂಗ್ ಕಲಿತು, ಮನೆಗೆ ಹತ್ತಿರ ಇರಲಿ ಎಂದು ಕೊಪ್ಪಕ್ಕೆ ಸೇರಿದ್ದಳು. ಬಹಳ ಜಾಣೆಯೇನಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವುದನ್ನು ಬಿಟ್ಟರೆ ವಿಶೇಷವೂ ಅಲ್ಲ. ಸಿರಿಂಜಿಗೆ ಚೀಟಿ ಅಂಟಿಸಲು ಮರೆತರೆ ಎದುರು ಬಂದು ನಿಂತು "ಅಕ್ಕ, ಮರೆತೆ" ಅನ್ನುವಳು. ನನಗೆ ರೇಗಿ ಬೈದರೂ ಮಾರನೆಯ ದಿನ ಇನ್ನೊಂದು ತಪ್ಪನ್ನು ಹಿಡಿದುಕೊಂಡು ಅಷ್ಟೇ ಸಲೀಸಾಗಿ ಬರುವಳು. ಅವಳನ್ನು ನೋಡಿ ಉಳಿದವರೂ ಹೇಳಲು ಶುರು ಮಾಡಿದ್ದರು. ಟೀ ಕುಡಿಯುವಾಗ ‘ಅಕ್ಕ, ಇವತ್ತು ಹೀಗಾಗಿಬಿಡ್ತಿತ್ತು’ ಎಂಬ ಮಾತು ಬರುತ್ತಿತ್ತು. ಒಂದು ಐಸಿಯು ಸುರಕ್ಷಿತವಾಗಿರುವುದು ಆ ಟೀ ಹೊತ್ತಿನ ಮಾತಿನಿಂದ. ಗೋಡೆಯ ಮೇಲಿನ ಬಣ್ಣದ ಪೋಸ್ಟರಿನಿಂದಲ್ಲ.

ಆ ದಿನ ಅವಳು ರಜೆ ಮುಗಿಸಿ ಮಧ್ಯಾಹ್ನದ ಪಾಳಿಗೆ ಬಂದಳು. ಬೆಳಗಿನವಳು ಹೋಗುವ ಅವಸರದಲ್ಲಿ "ಕಮ್ಮರಡಿಯವರಿಗೆ ಪೊಟ್ಯಾಷಿಯಂ ಹಾಕ್ಬೇಕು, ಡಾಕ್ಟ್ರು ಫೋನಲ್ಲಿ ಹೇಳಿದಾರೆ" ಎಂದಳು. ವಾಂತಿ ಭೇದಿಯಾಗಿ ಮೈಯಲ್ಲಿ ಪೊಟ್ಯಾಷಿಯಂ ಕಡಿಮೆಯಾಗಿ ಕೈಕಾಲು ಸೋತುಹೋಗಿದ್ದ ಕಮ್ಮರಡಿಯವರೊಬ್ಬರು ನಮ್ಮಲ್ಲಿದ್ದರು. ಅವರಿಗೆ ಅದು ಬೇಕೇ ಬೇಕಿತ್ತು. ಆದರೆ ಆ ಹೊತ್ತಿಗೆ ಅವರನ್ನು ಸ್ಕ್ಯಾನಿಂಗಿಗೆಂದು ಟ್ರಾಲಿಯಲ್ಲಿ ಕೆಳಗೆ ಒಯ್ದಿದ್ದರು. ಅವರ ಹಾಸಿಗೆ ಖಾಲಿ. ಅದೇ ಮಧ್ಯಾಹ್ನ ಕಿಟಕಿಯ ಪಕ್ಕದ ಹಾಸಿಗೆಗೆ ಇನ್ನೊಬ್ಬರು ಬಂದಿದ್ದರು. ಅವರೂ ಕಮ್ಮರಡಿಯವರೇ. ಅವರಿಗೆ ಕಿಡ್ನಿ ಕೈಕೊಟ್ಟು ಪೊಟ್ಯಾಷಿಯಂ ಮೊದಲೇ ಏರಿತ್ತು. ಅವರಿಗೆ ಅದು ವಿಷ. ಅವರ ಫೈಲು ಇನ್ನೂ ಕೆಳಗೆ ಕೌಂಟರಿನಲ್ಲೇ ಇತ್ತು, ರೋಗಿ ಮೇಲೆ ಬಂದರೂ ಫೈಲು ಬರಲು ನಮ್ಮಲ್ಲಿ ಯಾವಾಗಲೂ ತಡ.

ಹುಡುಗಿ ಔಷಧಿ ಸಿದ್ಧ ಮಾಡಿ, ಆಯಾಳನ್ನು "ಕಮ್ಮರಡಿಯವರು ಯಾರು?" ಎಂದು ಕೇಳಿದಳು. ಆಯಾ ಕಿಟಕಿಯ ಕಡೆ ಕೈ ತೋರಿಸಿದಳು. ರೋಗಿ ಮಂಪರಿನಲ್ಲಿದ್ದರು, ಪಕ್ಕದಲ್ಲಿ ಹೆಂಡತಿ ಕೂತಿದ್ದರು. ನಾನು ಆ ಕಡೆಯ ಹಾಸಿಗೆಯವರ ಗಂಟಲಿನ ಕಫ ತೆಗೆಯುತ್ತಿದ್ದೆ, ಮಾತು ನನ್ನ ಕಿವಿಗೆ ಬೀಳುತ್ತಿತ್ತು.

"ಅಜ್ಜಿ, ಇವರ ಹೆಸರು ಹೇಳಿ."

ಅಜ್ಜಿ ನಕ್ಕರು. "ಕಮ್ಮರಡಿಯವರು ಕೂಸೇ."

ಅಷ್ಟಕ್ಕೆ ಬಿಟ್ಟಳು ಹುಡುಗಿ. ಹಿರಿಯರನ್ನು ಮತ್ತೆ ಮತ್ತೆ ಕೇಳಿ ಮುಜುಗರ ಮಾಡುವುದು ಹೇಗೆ? ಹೇಳಿದ ಊರೂ ಸರಿಯಾಗಿಯೇ ಇತ್ತು. ಡ್ರಿಪ್ ಶುರು ಮಾಡಿದಳು. ಇತ್ತ ತಿರುಗುವಷ್ಟರಲ್ಲಿ ಬಾಗಿಲು ತೆರೆಯಿತು, ಟ್ರಾಲಿ ದೂಡುವವನು "ಕಮ್ಮರಡಿಯವರು ಬಂದ್ರು, ಸ್ವಲ್ಪ ದಾರಿ ಬಿಡಿ" ಎಂದ.

ನಾನು ತಲೆ ಎತ್ತುವ ಮೊದಲೇ ಅವಳು ಓಡಿಹೋಗಿ ಡ್ರಿಪ್ಪಿನ ಕೊಳವೆ ಮುಚ್ಚಿಯಾಗಿತ್ತು. ಆಮೇಲೆ ಅಜ್ಜಿಯ ಮುಂದೆ ಮಂಡಿಯೂರಿ ಕೂತಳು.

"ಅಜ್ಜಿ, ಕಾಲಿಗೆ ಬೀಳ್ತೇನೆ. ಇವರ ಹೆಸರು ಹೇಳಿ."

"ಹೇಳ್ಬಾರ್ದು ಕೂಸೇ."

"ಹೇಳಿ ಅಜ್ಜಿ. ಹೇಳದಿದ್ರೆ ಕೆಡ್ತದೆ."

ಅಜ್ಜಿ ಗಂಡನ ಮುಖ ನೋಡಿದರು, ಹುಡುಗಿಯ ಮುಖ ನೋಡಿದರು. ಆಮೇಲೆ ಹೇಳಿದರು, ಮೆಲ್ಲಗೆ, ಕಣ್ಣು ಮುಚ್ಚಿಕೊಂಡು. ಟ್ರಾಲಿಯ ಜೊತೆ ಬಂದ ಫೈಲಿನಲ್ಲಿದ್ದ ಹೆಸರು ಅದಲ್ಲ, ಬೇರೆಯೇ ಆಗಿತ್ತು. ಇಡೀ ಸಂಸಾರದಲ್ಲಿ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ ಆ ಹೆಂಗಸು ಕೂಡಲೇ ಅಳಲು ಶುರು ಮಾಡಿದರು, ತಾನೇ ಏನೋ ಕೆಡಿಸಿದೆ ಎಂಬಂತೆ.

ಹುಡುಗಿ ಅವರ ಕೈ ಹಿಡಿದುಕೊಂಡೇ ಹೇಳಿಬಿಟ್ಟಳು. "ಅಜ್ಜಿ, ಬೇರೆಯವರ ಔಷಧಿ ಇವರಿಗೆ ಹಾಕಿಬಿಟ್ಟೆ. ನಂದೇ ತಪ್ಪು. ಸ್ವಲ್ಪ ಒಳಗೆ ಹೋಗಿದೆ. ಈಗ ನಿಲ್ಲಿಸಿದೇನೆ, ಡಾಕ್ಟ್ರನ್ನ ಕರೀತೇನೆ."

ನಾನು ಡಾಕ್ಟರಿಗೆ ಫೋನು ಮಾಡಿದೆ. ಬಂದರು, ಇಸಿಜಿ ತೆಗೆದರು, ರಕ್ತ ಪರೀಕ್ಷೆಗೆ ಕಳಿಸಿದರು, ಇಂಜೆಕ್ಷನ್ ಕೊಟ್ಟರು. ಒಳಗೆ ಹೋದದ್ದು ಬಹಳ ಕಡಿಮೆ, ಏನೂ ಕೆಡಲಿಲ್ಲ. ಅಜ್ಜಿಗೆ ಅಷ್ಟೊತ್ತಿಗೆ ಸಮಾಧಾನವಾಗಿತ್ತು. "ಹೇಳಿದ್ಯಲ್ಲ ಕೂಸೇ, ಇರ್ಲಿ. ಇನ್ನು ಸರಿ ನೋಡ್ಕೋ" ಎಂದು ಹುಡುಗಿಯ ಬೆನ್ನು ಸವರಿದರು. ಜನ ನುಗ್ಗಲಿಲ್ಲ, ಗಾಜು ಒಡೆಯಲಿಲ್ಲ, ಯಾರೂ ಪೊಲೀಸ್ ಸ್ಟೇಷನ್ನಿಗೆ ಹೋಗಲಿಲ್ಲ. ನಮ್ಮ ಜನ ಅಷ್ಟು ಕೆಟ್ಟವರಲ್ಲ. ಸುಳ್ಳು ಹೇಳಿದರೆ ಅವರಿಗೆ ಸಿಟ್ಟು ಬರುತ್ತದೆ, ಯಾರಿಗಾದರೂ ಬರುತ್ತದೆ.

ನಾನು ಆ ಸಂಜೆ ಬಸ್ಸಿನಲ್ಲಿ ಕೂತು ಒಳ್ಳೆಯದನ್ನೇ ಯೋಚಿಸಿದೆ. ಇನ್ನು ಬೀರು ತೆರೆಯಲೇಬೇಕು, ಕೈಪಟ್ಟಿ ಹೊರಗೆ ಬರುತ್ತದೆ, ಡಾಕ್ಟರು ಫೋನಿನಲ್ಲಿ ಊರು ಬಿಟ್ಟು ಹೆಸರು ಹೇಳುತ್ತಾರೆ, ಫೈಲು ರೋಗಿಯ ಜೊತೆಯೇ ಬರುತ್ತದೆ ಎಂದೆಲ್ಲ ಲೆಕ್ಕ ಹಾಕಿದೆ. ಎಂಥ ಪೆದ್ದಿ ನಾನು.

ಮಾರನೆಯ ಬೆಳಿಗ್ಗೆ ಮ್ಯಾನೇಜರು ನಮ್ಮಿಬ್ಬರನ್ನೂ ಕರೆದರು. ಡಾಕ್ಟರೂ ಅಲ್ಲೇ ಕೂತು ಮೊಬೈಲಿನಲ್ಲಿ ಏನನ್ನೋ ತಿಕ್ಕುತ್ತಿದ್ದರು. ಹುಡುಗಿ ನಡೆದದ್ದನ್ನು ಮೊದಲಿನಿಂದ ಹೇಳಿದಳು, ಯಾರ ಮೇಲೂ ಹಾಕಲಿಲ್ಲ. ಮ್ಯಾನೇಜರು ಪೂರ್ತಿ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ತಪ್ಪು ಎಲ್ಲರ ಹತ್ರವೂ ಆಗ್ತದೆ ಸಿಸ್ಟರ್. ಅದಲ್ಲ ವಿಷಯ. ಇವಳು ಪೇಷಂಟ್ ಕಡೆಯವರಿಗೆ ಹೋಗಿ ಹೇಳಿದ್ದು ಎಂತಕೆ?"

ನನ್ನ ಮೈ ಉರಿಯಿತು. ತಪ್ಪಾದದ್ದು ವಿಷಯವಲ್ಲವಂತೆ, ಹೇಳಿದ್ದು ವಿಷಯ!

"ಹೇಳದೆ ಎಂತ ಮಾಡ್ಬೇಕಿತ್ತು ಸಾರ್? ಅವರ ಗಂಡ ಅದು" ಎಂದೆ.

"ನಮ್ಮ ಆಸ್ಪತ್ರೆ ಹೆಸರು ಎಂತ ಆಗ್ತದೆ?"

"ಹೆಸರಿನ ವಿಷಯವೇ ಮಾತಾಡುವ ಸಾರ್. ಇಬ್ಬರು ಕಮ್ಮರಡಿಯವರು ಇದ್ದಾಗ ಬರೀ ಕಮ್ಮರಡಿಯವರಿಗೆ ಹಾಕಿ ಅಂದ್ರೆ ಯಾರಿಗೆ ಹಾಕೋದು? ಫೋನಲ್ಲಿ ಹೆಸರು ಹೇಳಿದ್ರಾ? ಪಟ್ಟಿ ಕೊಟ್ಟಿದ್ದೀರಾ ನಮಗೆ?"

ಡಾಕ್ಟರು ಆಗ ತಲೆ ಎತ್ತಿದರು. "ಯಾರಿಗೆ ಅಂತ ಅಷ್ಟೂ ಗೊತ್ತಾಗಲ್ವಾ ನಿಮಗೆ? ಮತ್ತೆಂತ ನರ್ಸಿಂಗ್ ಕಲ್ತದ್ದು?" ಎಂದು ಮತ್ತೆ ಮೊಬೈಲಿಗೆ ಹೋದರು. ಅವರು ಆ ಹುಡುಗಿಯ ಕಡೆ ಒಂದು ಸಲವೂ ನೋಡಲಿಲ್ಲ. ನನಗೆ ಇವತ್ತಿಗೂ ಆ ಮೊಬೈಲನ್ನು ಕಿತ್ತುಕೊಂಡು ಕಿಟಕಿಯಿಂದ ಎಸೆಯಬೇಕಿತ್ತು ಅನ್ನಿಸುತ್ತದೆ.

ಅವಳನ್ನು ಕೆಲಸದಿಂದ ತೆಗೆಯುತ್ತೇವೆ ಎಂದರು. ನಾನು ಜಗಳವಾಡಿದೆ, ಬೇಡಿಕೊಂಡೆ, ನನ್ನ ಕೆಲಸ ಬಿಡುತ್ತೇನೆ ಎಂದು ಹೆದರಿಸಿದೆ. ಬಿಡಿ ಎಂದರು. ನಾನು ಬಿಡಲಿಲ್ಲ. ಆ ಆರು ಹಾಸಿಗೆಯನ್ನು ಇವರ ಕೈಗೆ ಕೊಟ್ಟು ಹೋಗಲು ನನಗೆ ಧೈರ್ಯ ಬರಲಿಲ್ಲ. ಹುಡುಗಿಯನ್ನು ಮಾತ್ರ ಅದೇ ದಿನ ಮನೆಗೆ ಕಳಿಸಿದರು. ಅನುಭವದ ಪತ್ರವನ್ನೂ ಕೊಡಲಿಲ್ಲ. ಅದಿಲ್ಲದೆ ಬೇರೆ ಆಸ್ಪತ್ರೆಯವರು ಮೊದಲು ಕೇಳುವುದೇ ‘ಅಲ್ಲಿ ಯಾಕೆ ಬಿಟ್ಟಿರಿ’ ಎಂದು. ಇವಳು ಅಲ್ಲೂ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಯಾರೂ ಕೆಲಸ ಕೊಡಲಿಲ್ಲ. ಈಗ ಶೃಂಗೇರಿಯಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿದ್ದಾಳೆ.

ಕಮ್ಮರಡಿಯ ಆ ಅಜ್ಜಿ ಗಂಡನನ್ನು ಮರುಪರೀಕ್ಷೆಗೆ ಕರೆತಂದ ದಿನ ಐಸಿಯು ಬಾಗಿಲಿಗೆ ಬಂದರು. ಕೈಯಲ್ಲಿ ಒಂದು ಚೀಲ ಬಾಳೆಕಾಯಿ.

"ಹೆಸರು ಕೇಳಿದ ಕೂಸು ಎಲ್ಲಿ?"

ಕೆಲಸದಿಂದ ತೆಗೆದರು ಎಂದೆ. ಅವರಿಗೆ ಅರ್ಥವಾಗಲಿಲ್ಲ. "ನಾವೆಂತ ದೂರು ಕೊಟ್ಟಿಲ್ವಲ್ಲ?" ಎಂದರು. ಇಲ್ಲ ಎಂದೆ. "ಮತ್ತೆ?" ಎಂದು ಕೇಳಿ ಕಾದರು. ಆ ‘ಮತ್ತೆ’ಗೆ ಉತ್ತರ ಕೊಡಬೇಕಾದವರು ಮೇಲಿನ ಮಹಡಿಯ ಎಸಿ ಕೋಣೆಯಲ್ಲಿ ಕೂತಿದ್ದರು. ಅಜ್ಜಿ ಬಾಳೆಕಾಯಿಯನ್ನು ನನ್ನ ಕೈಗೆ ಕೊಟ್ಟು, ಅವಳು ಸಿಕ್ಕಿದರೆ ಕೊಡು ಎಂದು ಹೇಳಿ ಹೋದರು.

ಆಮೇಲೆ ನಮ್ಮ ಟೀ ಹೊತ್ತಿನ ಮಾತು ನಿಂತುಹೋಯಿತು. ಹುಡುಗಿಯರು ಕೂರುತ್ತಾರೆ, ಸೀರಿಯಲ್ ವಿಷಯ ಮಾತಾಡುತ್ತಾರೆ, ನಾನು ಹತ್ತಿರ ಹೋದರೆ ಲೋಟ ತೊಳೆಯಲು ಏಳುತ್ತಾರೆ. ಒಂದು ದಿನ ಔಷಧಿಯ ಪಂಪು ಹೇಳಿದ್ದಕ್ಕಿಂತ ಜೋರಾಗಿ ಓಡುತ್ತಿತ್ತು. ಯಾರು ಇಟ್ಟದ್ದು ಎಂದು ಕೇಳಿದೆ. "ಗೊತ್ತಿಲ್ಲ ಅಕ್ಕ, ನಾನು ಬಂದಾಗ ಹೀಗೇ ಇತ್ತು" ಎಂದಳು ಒಬ್ಬಳು. ಇನ್ನೊಬ್ಬಳೂ ಅದನ್ನೇ ಹೇಳಿದಳು, ಮತ್ತೊಬ್ಬಳೂ. ಅವರನ್ನು ಬೈದು ಏನು ಬಂತು? ನಿಜ ಹೇಳಿದವಳು ಏನಾದಳು ಎಂಬುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಆದರೆ ರೋಗಿ ಸುರಕ್ಷತಾ ಸಪ್ತಾಹ ಬಂದಾಗ ಆಸ್ಪತ್ರೆಯ ಅಂಗಳದಲ್ಲಿ ರಂಗೋಲಿ ಸ್ಪರ್ಧೆ ನಡೆಯಿತು, ಕೇಕ್ ಕತ್ತರಿಸಿದರು, ಮ್ಯಾನೇಜರು ಮೈಕ್ ಹಿಡಿದು ನಮ್ಮ ಐಸಿಯುನಿಂದ ಒಂದೇ ಒಂದು ತಪ್ಪೂ ವರದಿಯಾಗಿಲ್ಲ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈ ಕಟ್ಟಿಕೊಂಡು ನಿಂತಿದ್ದೆ, ಕೇಕು ಮುಟ್ಟಲಿಲ್ಲ.

ಈಚೆಗೆ ಅಪ್ಪನಿಗೆ ನ್ಯುಮೋನಿಯಾ ಆಯಿತು. ಅಂಗಡಿಯಲ್ಲಿ ಕೂತಲ್ಲೇ ಉಸಿರು ಕಟ್ಟಿತು. ಹತ್ತಿರ ಇರುವುದು ನಮ್ಮದೇ ಐಸಿಯು, ಅಲ್ಲಿಗೇ ತಂದೆವು. ನಾನು ಡ್ಯೂಟಿಗೆ ರಜೆ ಹಾಕಿ ಹೊರಗಿನ ಬೆಂಚಿನಲ್ಲಿ ಕೂತೆ, ಇಷ್ಟು ವರ್ಷ ನಾನು ‘ಆಮೇಲೆ ಬನ್ನಿ’ ಎಂದು ಕಳಿಸುತ್ತಿದ್ದವರ ಸಾಲಿನಲ್ಲಿ. ಭೇಟಿಯ ಹೊತ್ತಿಗೆ ಅಮ್ಮನ ಜೊತೆ ಒಳಗೆ ಹೋದೆ. ಅಪ್ಪನ ಎಡಗೈ ಊದಿಕೊಂಡಿತ್ತು, ಮೇಲೆ ಹೊಸದಾಗಿ ಬಟ್ಟೆ ಸುತ್ತಿದ್ದರು. ಡ್ರಿಪ್ಪು ಬಲಗೈಗೆ ಬಂದಿತ್ತು. ಬೆಳಿಗ್ಗೆ ನಾನು ನೋಡಿದ ಬಾಟಲಿ ಅಷ್ಟು ಬೇಗ ಮುಗಿಯುವುದಲ್ಲ, ಅದು ಅಲ್ಲಿರಲಿಲ್ಲ, ಬೇರೊಂದು ನೇತಾಡುತ್ತಿತ್ತು. ಕೆಂಪು ಕಣ್ಣು ಬಿಟ್ಟು ಅಪ್ಪ ಏನೋ ಹೇಳಲು ನೋಡಿದರು, ಮಾಸ್ಕಿನೊಳಗೆ ಕೇಳಿಸಲಿಲ್ಲ.

ಹತ್ತಿರ ನಿಂತಿದ್ದ ನರ್ಸು ನಾನೇ ಕೆಲಸ ಕಲಿಸಿದ ಹುಡುಗಿ.

"ಇಲ್ಲಿ ಎಂತ ಆಯ್ತು?" ಎಂದು ಕೇಳಿದೆ.

"ಎಂತ ಇಲ್ಲ ಅಕ್ಕ."

"ಕೈ ಊದಿದೆ. ಬಾಟ್ಲಿ ಬದಲಾಗಿದೆ."

"ಎಂತದೂ ಆಗಿಲ್ಲ ಅಕ್ಕ" ಎಂದಳು, ಮಾನಿಟರಿನಿಂದ ಕಣ್ಣು ತೆಗೆಯದೆ.

ನಿಜಕ್ಕೂ ಏನೂ ಆಗಿರಲಿಕ್ಕಿಲ್ಲ. ಸೂಜಿ ಜಾರಿ ಕೈ ಊದುವುದು ದಿನಾ ನೋಡುವ ಸಂಗತಿ. ಇಲ್ಲವೇ ಏನೋ ಆಗಿರಬಹುದು. ನನಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ನನ್ನ ಸ್ವಂತ ಐಸಿಯುನಲ್ಲಿ, ನನ್ನ ಸ್ವಂತ ಅಪ್ಪನ ವಿಷಯದಲ್ಲಿ, ನಾನು ಕಲಿಸಿದ ಹುಡುಗಿಯ ಮಾತನ್ನು ನನಗೆ ನಂಬಲಾಗಲಿಲ್ಲ. ಅವಳನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಆದರೆ ಅವಳಿಗೂ ಮನೆ ಇದೆ, ಕಂತು ಇದೆ, ಶೃಂಗೇರಿಯ ಅಂಗಡಿಯ ಸುದ್ದಿ ಅವಳಿಗೂ ಗೊತ್ತಿದೆ.

ಅಷ್ಟರಲ್ಲಿ ಇನ್ನೊಬ್ಬಳು ಸಿರಿಂಜು ಹಿಡಿದು ನಗುತ್ತ ಬಂದಳು. ಅಪ್ಪನ ಕೈಯಲ್ಲಿ ಪಟ್ಟಿಯಿಲ್ಲ. ಹೆಸರು ಕೇಳಲಿಲ್ಲ. "ಚಪ್ಪಲಿ ಅಂಗಡಿಯವರಲ್ವಾ, ನಮಗೆ ಗೊತ್ತಿಲ್ವಾ?" ಎಂದು ಪ್ರೀತಿಯಿಂದಲೇ ಹೇಳಿದಳು.

"ನಿಲ್ಲು!" ಎಂದು ನಾನು ಕೂಗಿದ್ದು ಆರೂ ಹಾಸಿಗೆಗೆ ಕೇಳಿತು. ಆಮೇಲೆ ಅಮ್ಮನಿಗೆ ಹೇಳಿದೆ, "ಅಮ್ಮಾ, ಅಪ್ಪನ ಹೆಸರು ಹೇಳು. ನಾನು ಇಲ್ಲದಾಗಲೂ ಅಷ್ಟೇ. ಯಾರು ಸೂಜಿ ಹಿಡಿದು ಬಂದ್ರೂ, ಅವರು ಕೇಳದಿದ್ರೂ, ನೀನೇ ಹೇಳು."

ಅಮ್ಮ ಸೆರಗನ್ನು ಬಾಯಿಗೆ ಹಿಡಿದು ನನ್ನನ್ನು ನೋಡಿದಳು, ರೇಷನ್ ಅಂಗಡಿಯಲ್ಲಿ ನೋಡುತ್ತಿದ್ದ ಹಾಗೆಯೇ. ಈ ಸಲ ನಾನು ಮುಂದೆ ಹೋಗಲಿಲ್ಲ. ಅವಳು ಸೆರಗು ಬಿಟ್ಟಳು. ನರ್ಸಿನ ಮುಖ ನೋಡಿಕೊಂಡು, ಅಪ್ಪನ ಹೆಸರನ್ನು ಅವರ ತಂದೆಯ ಹೆಸರಿನ ಸಮೇತ ಹೇಳಿದಳು. "ಗೊತ್ತು ಅಮ್ಮ" ಎಂದಳು ನರ್ಸು. ಅಮ್ಮ ಮತ್ತೊಮ್ಮೆ ಹೇಳಿದಳು, ಈ ಸಲ ಗಟ್ಟಿಯಾಗಿ.

ಅಪ್ಪ ಹುಷಾರಾಗಿ ಮನೆಗೆ ಬರುವ ತನಕವೂ, ಒಳಗೆ ಬಿಟ್ಟಾಗೆಲ್ಲ ಅಮ್ಮ ಹಾಗೆ ಹೇಳುತ್ತಲೇ ಇದ್ದಳು, ಯಾರೂ ಕೇಳದೆ. ಕೇಳಬೇಕಾದವಳು ಶೃಂಗೇರಿಯಲ್ಲಿ ಸೀರೆ ಮಡಚುತ್ತಿದ್ದಾಳೆ.